ವೋಲ್ಟ್‌ಮೀಟರ್ 230 ತೋರಿಸಿದರೆ ಸಾಲದು: ಬಾಡಿಗೆ ಜನರೇಟರ್ ತರಿಸುವವರಿಗೆ

ಮದುವೆ, ಗೃಹಪ್ರವೇಶಕ್ಕೆ ಬಾಡಿಗೆ ಡೀಸೆಲ್ ಜನರೇಟರ್ ತರಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಅಕ್ಕನ ಮಗಳ ಮದುವೆಯಲ್ಲಿ ಡೀಪ್ ಫ್ರೀಜರಿನ ಕಂಪ್ರೆಸರ್, ನೀರಿನ ಮೋಟಾರು ಎರಡೂ ಒಂದೇ ಮಧ್ಯಾಹ್ನ ಸುಟ್ಟುಹೋದವು. ಪ್ಯಾನೆಲ್ಲಿನ ವೋಲ್ಟ್‌ಮೀಟರ್ ಮಾತ್ರ ಕೊನೆಯವರೆಗೂ 230 ತೋರಿಸುತ್ತಿತ್ತು. ಜನರೇಟರಿನವನು ಅದನ್ನೇ ಬೆರಳಿಟ್ಟು ತೋರಿಸಿ, "ಕರೆಂಟ್ ಸರಿಯಾಗೇ ಇದೆ, ನಿಮ್ಮ ಮೋಟಾರೇ ಹಳೇದು" ಅಂದ.

ಬೆಳಗ್ಗೆಯಿಂದಲೇ ವಿಡಿಯೋದವರ ಯುಪಿಎಸ್ ಟಕ್ ಟಕ್ ಎನ್ನುತ್ತ, ಆ ಕರೆಂಟನ್ನು ಒಪ್ಪದೆ ಮತ್ತೆ ಮತ್ತೆ ಬ್ಯಾಟರಿಗೆ ಹೋಗುತ್ತಿತ್ತು. ಸಂಜೆ ಬಂದ ವೈಂಡಿಂಗ್ ಮೇಸ್ತ್ರಿ ಮಲ್ಟಿಮೀಟರನ್ನು ಹರ್ಟ್ಜ್‌ಗೆ ತಿರುಗಿಸಿ ನೋಡಿದರು. ಹರ್ಟ್ಜ್ ಎಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಹರಿದು ಒಂದು ಆವರ್ತ ಮುಗಿಸುತ್ತದೆ ಎಂಬ ಲೆಕ್ಕ. 50 ಇರಬೇಕಾದ್ದು 42 ಇತ್ತು!

ಹರ್ಟ್ಜ್ ಕಾಯುವುದು ಎಂಜಿನ್ನಿಗೆ ಡೀಸೆಲ್ ಬಿಡುವ ಗವರ್ನರ್. ವೋಲ್ಟೇಜ್ ಕಾಯುವುದು ಆಲ್ಟರ್ನೇಟರಿನ, ಅಂದರೆ ಕರೆಂಟ್ ಹುಟ್ಟಿಸುವ ಭಾಗದ, ಎವಿಆರ್ (ಆಟೊಮ್ಯಾಟಿಕ್ ವೋಲ್ಟೇಜ್ ರೆಗ್ಯುಲೇಟರ್). ನಾಲ್ಕು ಪೋಲಿನ (ಕಾಂತಧ್ರುವದ) ಯಂತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಜ್. ನಮ್ಮದು ಸುಮಾರು 1260ಕ್ಕೆ ಇಳಿದಿತ್ತು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡು, ಲೋಡ್ ಬಿದ್ದಾಗ ಎಂಜಿನ್ ಏದುಸಿರು ಬಿಡುತ್ತಿತ್ತು. ಎವಿಆರ್ ಮಾತ್ರ ಫೀಲ್ಡಿಗೆ (ಆಲ್ಟರ್ನೇಟರಿನ ಕಾಂತದ ಸುರುಳಿಗೆ) ಹೆಚ್ಚು ಹೆಚ್ಚು ಕರೆಂಟ್ ತಳ್ಳಿ 230 ಹಿಡಿದುಕೊಂಡೇ ಇತ್ತು. 42 ಹರ್ಟ್ಜ್‌ನಲ್ಲಿ 230 ವೋಲ್ಟ್ ಎಂದರೆ ಮೋಟಾರಿನ ಕಬ್ಬಿಣದೊಳಗೆ ಕಾಂತಪ್ರವಾಹ ಸುಮಾರು ಐದನೇ ಒಂದು ಪಾಲು ಜಾಸ್ತಿ. ಕಬ್ಬಿಣ ಅಷ್ಟನ್ನು ತಾಳದು. ಆಗ ಮೋಟಾರು ಹೆಚ್ಚಿಗೆ ಎಳೆದ ಕರೆಂಟ್ ಕೆಲಸಕ್ಕೆ ಬಾರದೆ ಬರೀ ಕಾವಾಗುತ್ತದೆ, ವೇಗ ಇಳಿದ ಮೋಟಾರಿನ ಫ್ಯಾನಿಗೆ ಆ ಕಾವು ಕಳೆಯಲೂ ಆಗದು.

ವೇಗ ಬಿದ್ದಾಗ ವೋಲ್ಟೇಜನ್ನೂ ಇಳಿಸುವ ರಕ್ಷಣೆ ಎವಿಆರ್‌ನಲ್ಲೇ ಇರುತ್ತದೆ. ಇಲ್ಲಿ ಅದರ ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸಿ, ರಕ್ಷಣೆ ಇದ್ದೂ ಇಲ್ಲದಂತೆ ಮಾಡಿದ್ದರು. ಲೈಟು ಮಂಕಾದರೆ ಗಿರಾಕಿ ಬೈಯುತ್ತಾರಂತೆ! ಫಿಲ್ಟರ್ ಕಟ್ಟಿದ್ದನ್ನು ಕ್ಷಮಿಸಬಹುದು, ಇದನ್ನಲ್ಲ.

ಎವಿಆರ್ ಇಲ್ಲದ ಹಳೇ ಸೆಟ್ಟುಗಳಲ್ಲಿ ಇದರ ತದ್ವಿರುದ್ಧ: ವೋಲ್ಟೇಜ್ ಸಾಲದಿದ್ದರೆ ಗವರ್ನರ್ ಬಿಗಿದು ವೇಗ ಏರಿಸುತ್ತಾರೆ. 55 ಹರ್ಟ್ಜ್‌ಗೆ ಹೋದರೆ ನೀರೆತ್ತುವ ಪಂಪಿನ ಹೊರೆ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಹರ್ಟ್ಜ್ ಅಳೆಸಿ. ಮೆಕ್ಯಾನಿಕಲ್ ಗವರ್ನರ್ ಇದ್ದರೆ ಖಾಲಿ ಓಡುವಾಗ 52ರ ಆಸುಪಾಸು ಇದ್ದು, ಪೂರ್ತಿ ಲೋಡಿಗೆ 50ರ ಹತ್ತಿರ ನಿಲ್ಲಬೇಕು. ಖಾಲಿ ಓಡಿಸಿ ತೋರಿಸಿದ್ದನ್ನು ಒಪ್ಪಬೇಡಿ, ಹೀಟರೋ ಹ್ಯಾಲೋಜನ್ ದೀಪಗಳೋ ಹಾಕಿ ಲೋಡ್ ಕೊಡಿಸಿ. 48ರ ಕೆಳಗಿಳಿದರೆ ಫ್ರಿಜ್ಜು, ಮೋಟಾರು ಹಚ್ಚಲೇಬೇಡಿ. ಬೇರೆ ಗಾಡಿ ಕಳಿಸಿ ಎನ್ನಿ.