ಮೊದಲ ದಿನ ಕೀ ಕೊಡದ ಸ್ಕೂಟರ್ ಕ್ಲಾಸು

ಹತ್ತು ಕ್ಲಾಸಿಗೆ 4,500 ರೂಪಾಯಿ ಕಟ್ಟಿ ಹೋದರೆ ಮೊದಲನೇ ದಿನ ಗಾಡಿಗೆ ಕೀಯನ್ನೇ ಹಾಕಲಿಲ್ಲ. ಬೆಳಿಗ್ಗೆ ಆರು ಗಂಟೆ, ಮೈಸೂರು ರಿಂಗ್ ರೋಡಿನ ಆಚೆ, ಇನ್ನೂ ಮನೆಗಳು ಏಳದ ಬಡಾವಣೆ. "ಆಂಟಿ, ಇವತ್ತು ಸ್ಟ್ಯಾಂಡ್ ತೆಗೆಯೋದು, ಹಾಕೋದು. ಅಷ್ಟೇ" ಅಂದಳು ಕಲಿಸುವ ಹುಡುಗಿ. ದುಡ್ಡು ಹೊಡೆಯುವ ಉಪಾಯ ಅಂತ ಒಳಗೊಳಗೇ ಉರಿದುಕೊಂಡೆ.

ನನಗೆ 51. ಬ್ಲೌಸ್ ಹೊಲಿಯುತ್ತೇನೆ. ಯಜಮಾನರಿಗೆ ಕಣ್ಣಿನ ತೊಂದರೆ ಆದಮೇಲೆ ನಮ್ಮ ಆಕ್ಟಿವಾ ಎಂಟು ತಿಂಗಳು ಪೋರ್ಟಿಕೋದಲ್ಲಿ ಕವರ್ ಹೊದ್ದು ನಿಂತಿತ್ತು. ಲೈನಿಂಗ್ ಬಟ್ಟೆ, ದಾರ ತರಲು ಅರಸು ರಸ್ತೆಗೆ ಹೋಗಿಬರುವ ಆಟೋಗೇ ಅರ್ಧ ಲಾಭ ಹೋಗುತ್ತಿತ್ತು. ಆದರೂ ಕವರಿನ ಧೂಳು ಒರೆಸಿದ್ದೇ ಹೊರತು ಗಾಡಿ ಮುಟ್ಟಿರಲಿಲ್ಲ.

ಕ್ಲಾಸಿನದೂ ನೂರು ಕಿಲೋ ದಾಟಿದ ಗಾಡಿ. ತೋಳಿನ ಬಲದಲ್ಲಿ ಎತ್ತಲು ಹೋಗಿ ಬೆವರಿದೆ. "ಎತ್ತಬೇಡಿ ಆಂಟಿ, ಸ್ಟ್ಯಾಂಡಿನ ಮೇಲೆ ನಿಂತುಕೊಳ್ಳಿ." ಎಡಗೈ ಹ್ಯಾಂಡಲಿಗೆ, ಬಲಗೈ ಸೀಟಿನ ಹಿಂದಿನ ಹಿಡಿಗೆ, ಬಲಗಾಲು ಸ್ಟ್ಯಾಂಡಿಗೆ. ಅದರ ಎರಡೂ ಕಾಲು ನೆಲಕ್ಕೆ ತಾಗಿದ್ದು ನಮ್ಮ ಪಾದಕ್ಕೆ ಗೊತ್ತಾಗಬೇಕು, ಆಮೇಲೆ ಮೈಭಾರವೆಲ್ಲ ಅಲ್ಲಿಗೆ. ಗಾಡಿ ತಾನೇ ಹಿಂದೆ ಸರಿದು ಟಕ್ ಅಂತ ಕೂತಿತು. ಮನೆಗೆ ಬಂದವಳೇ ಕವರ್ ಕಿತ್ತು ನಮ್ಮದಕ್ಕೂ ಹಾಗೇ ಹಾಕಿದೆ. ಯಜಮಾನರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

ಎರಡನೇ ದಿನ ಇಳಿಜಾರಿನಲ್ಲಿ ಎಂಜಿನ್ ಇಲ್ಲದೆ ಕಾಲಲ್ಲಿ ತಳ್ಳಿಕೊಂಡು ಹೋಗಿ ಬ್ರೇಕ್ ಹಿಡಿಯುವುದು. ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದ ಕಾಲು ನನ್ನದು, ಬ್ರೇಕನ್ನು ಕೆಳಗೇ ಹುಡುಕುತ್ತಿತ್ತು! ಮೂರನೇ ದಿನ ಎಂಜಿನ್ ಹಾಕಿ, ಎರಡು ಕರೆಂಟ್ ಕಂಬದ ನಡುವೆ ಮಾತ್ರ. ಮಾರನೇ ದಿನ ನಾಲ್ಕು ಕಂಬ.

ದೂರುಗಳೂ ಇವೆ. ಬೋರ್ಡಿನಲ್ಲಿ 'ಒಬ್ಬರಿಗೆ ಒಂದು ಗಾಡಿ' ಅಂತಿದೆ, ಐದನೇ ದಿನದಿಂದ ಇಬ್ಬರಿಗೆ ಒಂದಾಯಿತು. 45 ನಿಮಿಷದಲ್ಲಿ ನನ್ನ ಪಾಲಿಗೆ ಇಪ್ಪತ್ತು ಸಿಕ್ಕರೆ ಹೆಚ್ಚು. ಅವರ ಹೆಲ್ಮೆಟ್ಟಿನ ವಾಸನೆ ಹೇಳಬಾರದು, ನಿಮ್ಮದೇ ಒಯ್ಯಿರಿ. ಡಿಎಲ್ ಟೆಸ್ಟಿಗೆ ಬೇಕಾದ 8ರ ಆಕಾರದಲ್ಲಿ ಗಾಡಿ ತಿರುಗಿಸುವುದನ್ನು ಒಂದೇ ದಿನ ತೋರಿಸಿದರು, ಸಾಲದು. ಮೇಲೆ ಆರ್‌ಟಿಓ ಕೆಲಸ ನಾವೇ ಮಾಡಿಸ್ತೀವಿ, 2,000 ಕೊಡಿ ಅಂತ ಅವಸರ ಬೇರೆ. ಕ್ಲಾಸು ಶುರುವಾಗುವ ಮೊದಲೇ ಮಗಳ ಜೊತೆ ಕೂತು ಆನ್‌ಲೈನಲ್ಲಿ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದ್ದೆ. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದಮೇಲೆ ಯಾವಾಗ ಬೇಕಾದರೂ ಟೆಸ್ಟಿಗೆ ಹೋಗಬಹುದು. ಎಂಥ ಅವಸರ?

ಸ್ಕೂಲಿನ ಹೆಸರು ಬರೆದರೆ ಓನರ್ ಸಿಟ್ಟು ಆ ಹುಡುಗಿಯ ಮೇಲೆ ತಿರುಗುತ್ತದೆ, ಬೇಡ. ಅವಳಿಗೆ ಐದಕ್ಕೆ ಐದು, ಸ್ಕೂಲಿಗೆ ಮೂರು.

ಈಗ ಪಕ್ಕದ ಬೀದಿಗಳಿಗೆ ಬ್ಲೌಸ್ ನಾನೇ ಕೊಟ್ಟು ಬರುತ್ತೇನೆ. ಸರ್ಕಲ್ ಬಂದರೆ ಇಳಿದು, ತಳ್ಳಿಕೊಂಡೇ ದಾಟುತ್ತೇನೆ. ಅರಸು ರಸ್ತೆಗೆ ಇನ್ನೂ ಆಟೋನೇ.