ಜೆವಿ ಸ್ಕ್ವಾಯರ್ ಸ್ಟ್ರಾಟ್: ಮಂಜೇಶ್ವರದ ಮಳೆಗಾಲಗಳ ನಂತರ, ಮಾರಿದ ಮೇಲೆ ಒಂದು ವಿಮರ್ಶೆ

ಗಿಟಾರ್ ಮಾರಿಯಾಯಿತು, ದುಡ್ಡೂ ಬಂತು. ಈಗ ಹೊಗಳಿದರೆ ರೇಟು ಏರಿಸುತ್ತಾನೆ ಅನ್ನುವ ಹಾಗಿಲ್ಲ, ಬೈದರೆ ನನಗೆ ನಷ್ಟವೂ ಇಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯಬಹುದು.

ಇದು ಜಪಾನಿನಲ್ಲಿ ತಯಾರಾದ ಸ್ಕ್ವಾಯರ್ ಸ್ಟ್ರಾಟೊಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಎಂಬ ಎಲೆಕ್ಟ್ರಿಕ್ ಗಿಟಾರ್. ಸೀರಿಯಲ್ ನಂಬರ್ ಜೆವಿ, ಅಂದರೆ ಜಪಾನೀಸ್ ವಿಂಟೇಜ್, ಎಂದು ಶುರುವಾಗುತ್ತದೆ. ಎಪ್ಪತ್ತರ ದಶಕದಲ್ಲಿ ಜಪಾನಿನ ಕಂಪನಿಗಳು ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನ ಹಳೆಯ ಮಾದರಿಗಳನ್ನು ನಕಲು ಮಾಡಿ ಮಾರುತ್ತಿದ್ದವು. ನಕಲು ಎಂದರೆ ಕಳಪೆ ಅಲ್ಲ, ಚೆನ್ನಾಗಿಯೇ ಇದ್ದವು, ಅಗ್ಗವೂ ಹೌದು. ಕೊನೆಗೆ ಫೆಂಡರ್‌ನವರು 1982ರಲ್ಲಿ ತಾವೇ ಮಾತ್ಸುಮೊಟೊದ ಫುಜಿಗೆನ್ ಕಾರ್ಖಾನೆಯಲ್ಲಿ ಗಿಟಾರ್ ಮಾಡಿಸಲು ಶುರು ಮಾಡಿದರು. ಸ್ಕ್ವಾಯರ್ ಅನ್ನುವ ಹೆಸರು ಮೊದಲು ಒಂದು ತಂತಿ ಕಂಪನಿಯದ್ದು, 1965ರಲ್ಲಿ ಫೆಂಡರ್ ಅದನ್ನು ಕೊಂಡುಕೊಂಡಿತ್ತು. ಈಗ ಸ್ಕ್ವಾಯರ್ ಎಂದರೆ ಕಲಿಯುವ ಮಕ್ಕಳ ಗಿಟಾರ್ ಅಂತ ಲೆಕ್ಕ. ಜೆವಿ ಹಾಗಲ್ಲ.

ನನ್ನದು 1962ರ ಸ್ಟ್ರಾಟ್‌ನ ಹಾಗೆ ಮಾಡಿದ ಮಾದರಿ, ಫಿಂಗರ್‌ಬೋರ್ಡ್ (ಬೆರಳಿಟ್ಟು ತಂತಿ ಒತ್ತುವ ಹಲಗೆ) ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಜಾತಿಯ ಮರ. ಬಹರೈನಿನಲ್ಲಿ ಕೆಲಸಕ್ಕಿದ್ದ ಸೋದರಮಾವ ತಂದುಕೊಟ್ಟದ್ದು. ಆಗ ನಮ್ಮ ಕಡೆ ಗಿಟಾರ್ ಎಂದರೆ ಕಲ್ಕತ್ತಾದ ಗಿವ್ಸನ್. ರಸಮಂಜರಿಯಲ್ಲಿ ಇದನ್ನು ಹೆಗಲಿಗೆ ಹಾಕಿ ನಿಂತರೆ ಕೀಬೋರ್ಡಿನವನಿಗೂ ಹೊಟ್ಟೆಯುರಿ.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಕಪ್ ಎಂದರೆ ತಂತಿಯ ಕಂಪನವನ್ನು ಕರೆಂಟಾಗಿಸುವ ಭಾಗ. ನೆಕ್, ಅಂದರೆ ಗಿಟಾರಿನ ಕತ್ತಿನ ಕಡೆಯ ಪಿಕಪ್ಪಿನಲ್ಲಿ ನಿಧಾನದ ಹಾಡು ನುಡಿಸಿದರೆ ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತದೆ, ಅಷ್ಟು ಸಾಕು. ಆದರೆ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಆದ್ದರಿಂದ ಕರೆಂಟಿನ ಗುಂಯ್ ಸದ್ದನ್ನೂ ಎಳೆದುಕೊಳ್ಳುತ್ತದೆ. ಹಳೆ ಚೋಕಿನ ಟ್ಯೂಬ್‌ಲೈಟ್ ಪಕ್ಕದಲ್ಲಿ ಇದ್ದರಂತೂ ಮುಗಿಯಿತು. ನಿಂತಲ್ಲೇ ಸ್ವಲ್ಪ ತಿರುಗಿ, ಯಾವ ದಿಕ್ಕಿನಲ್ಲಿ ಸದ್ದು ಕಡಿಮೆ ಅಂತ ನೋಡಿಕೊಳ್ಳಬೇಕು. ಮಂಟಪಗಳಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ ಮೈಕಿಗೆ ತುಟಿ ತಾಗಿದಾಗ ಶಾಕ್ ಬೇರೆ. ಅದು ಗಿಟಾರಿನ ತಪ್ಪಲ್ಲ ಬಿಡಿ.

ಇನ್ನು ಫಿಂಗರ್‌ಬೋರ್ಡು. ಹಳೆ ಮಾದರಿ ಆದ್ದರಿಂದ ಅದರ ಮೇಲ್ಮೈ ಜಾಸ್ತಿ ಉಬ್ಬಾಗಿದೆ, ರೇಡಿಯಸ್ 7.25 ಇಂಚು. ಕಾರ್ಡ್ ಹಿಡಿಯಲು ಬಹಳ ಸುಖ. ಮೇಲಿನ ಫ್ರೆಟ್‌ಗಳಲ್ಲಿ (ಫಿಂಗರ್‌ಬೋರ್ಡಿನ ಲೋಹದ ಅಡ್ಡಪಟ್ಟಿಗಳಲ್ಲಿ) ತಂತಿ ಎಳೆದು ಗಮಕದ ಹಾಗೆ ತರಲು ಹೋದರೆ ಮಾತ್ರ ಸ್ವರ ಅರ್ಧಕ್ಕೇ ಸಾಯುತ್ತದೆ. ತಂತಿಯನ್ನು ಸ್ವಲ್ಪ ಎತ್ತರಿಸಿದರೆ ಸರಿಹೋಗುತ್ತದೆ, ಆದರೆ ಬೆರಳಿಗೆ ಕೆಲಸ ಜಾಸ್ತಿ.

ನಿಜವಾದ ತಲೆನೋವು ಟ್ರಸ್ ರಾಡ್, ಅಂದರೆ ನೆಕ್ಕಿನ ಬಾಗನ್ನು ಸರಿಮಾಡುವ ಒಳಗಿನ ಲೋಹದ ಸರಳು. ಸಮುದ್ರದ ಪಕ್ಕದ ಮನೆ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಕೇಸಿನ ಒಳಗೂ ಬೂಷ್ಟು ಹಿಡಿಯುತ್ತದೆ. ಮರ ನೀರಿನಂಶ ಕುಡಿದು ನೆಕ್ ಒಂದಿಷ್ಟು ಬಾಗುತ್ತದೆ, ತಂತಿ ಝರ್ ಅನ್ನುತ್ತದೆ. ಈಗಿನ ಗಿಟಾರಿನಲ್ಲಿ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಆಯಿತು. ಇದರಲ್ಲಿ ಟ್ರಸ್ ರಾಡಿನ ನಟ್ ನೆಕ್ಕಿನ ಬುಡದಲ್ಲಿ, ಬಾಡಿಯ ಒಳಗೆ ಅಡಗಿ ಕೂತಿದೆ. ತಂತಿ ಸಡಿಲಿಸಿ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ಕನ್ನು ಎತ್ತಿ, ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಸರಿಯಾಗದಿದ್ದರೆ ಪುನಃ ಮೊದಲಿಂದ. ಹೀಗೆ ಬಿಚ್ಚಿ ಹಾಕಿದರೆ ಮರದ ತೂತು ಸವೆಯುತ್ತದೆ. ಇದಕ್ಕೊಂದು ಉಪಾಯ ಇದೆ: ಸ್ಕ್ರೂವನ್ನು ಮೊದಲು ಹಿಮ್ಮುಖ ತಿರುಗಿಸಿ, ಟಕ್ ಎಂದು ಹಳೆಯ ಎಳೆಯಲ್ಲಿ ಕೂತ ಮೇಲೆ ಬಿಗಿ ಮಾಡಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಿತ್ತುಕೊಂಡದ್ದು ಈ ನಟ್.

ಪೇಂಟಿಗೆ ಮಾತ್ರ ಏನೂ ಆಗಲಿಲ್ಲ. ಅದು ದಪ್ಪ ಪಾಲಿ ಫಿನಿಷ್, ಪ್ಲಾಸ್ಟಿಕ್ಕಿನಂಥ ಲೇಪ. ಹಳೆ ಗಿಟಾರ್ ಪ್ರಿಯರು ಇದನ್ನು ನೋಡಿ ಮೂಗು ಮುರಿಯುತ್ತಾರೆ, ತೆಳುವಾದ ನೈಟ್ರೋ ಲಕ್ಕರ್ ಬೇಕು ಅನ್ನುತ್ತಾರೆ. ನಮ್ಮ ಹವೆಯಲ್ಲಿ ಒಂದು ವರ್ಷ ಇಟ್ಟು ನೋಡಲಿ. ಕಬ್ಬಿಣದ ಕಥೆ ಬೇರೆ. ಬ್ರಿಜ್ಜಿನಲ್ಲಿ ತಂತಿಗಳನ್ನು ಹೊರುವ ಸ್ಯಾಡಲ್‌ಗಳು ಉಪ್ಪುಗಾಳಿಗೂ ಬೆವರಿಗೂ ಸಿಕ್ಕಿ, ಅವುಗಳ ಚಿಕ್ಕ ಸ್ಕ್ರೂಗಳು ತಿರುಗದ ಹಾಗಾಗಿದ್ದವು. ಸ್ಟೇನ್‌ಲೆಸ್ ಹಾಕಿಸಿದೆ. ಫ್ರೆಟ್‌ಗಳು ಸವೆದು ಗುಂಡಿ ಬಿದ್ದಾಗ ಮಂಗಳೂರಿನಲ್ಲಿ ಅವನ್ನೂ ಬದಲಿಸಿದೆ.

ಮಾರುವಾಗ ಇದೇ ದೊಡ್ಡ ಚರ್ಚೆಯಾಯಿತು. ಹಳೆ ಗಿಟಾರಿನ ಬಜಾರಿನಲ್ಲಿ ಬೆಲೆ ಇರುವುದು ಮುಟ್ಟದ ಗಿಟಾರಿಗೆ. ಬೆಸುಗೆ ಕೂಡ ಕಾರ್ಖಾನೆಯದ್ದೇ ಇರಬೇಕು. ಕೊಳ್ಳಲು ಬಂದ ಹುಡುಗ ಬೆಂಗಳೂರಿನವನು. ಮಲ್ಟಿಮೀಟರ್ ತಂದಿದ್ದ, ಮುಂಭಾಗದ ಪ್ಲಾಸ್ಟಿಕ್ ತಟ್ಟೆ, ಪಿಕ್‌ಗಾರ್ಡ್, ಬಿಚ್ಚಿ ಒಳಗೆಲ್ಲ ನೋಡಿದ.

“ಸರ್, ಫ್ರೆಟ್ ಒರಿಜಿನಲ್ ಅಲ್ವಲ್ಲ?”

“ಅಲ್ಲ. ಒರಿಜಿನಲ್ ಆಗಿದ್ರೆ ನೀವೀಗ ನುಡಿಸಿದ ಆ ಪೀಸು ಬರ್ತಿರ್ಲಿಲ್ಲ.”

ನಕ್ಕ, ಆದರೂ ಬೆಲೆ ಇಳಿಸಿದ. ಇಳಿಸಲಿ. ಗಾಜಿನ ಕಪಾಟಿನಲ್ಲಿ ಇಡುವವನಿಗೆ ಇದು ಕಡಿಮೆ ಬೆಲೆಯ ಮಾಲು, ವೇದಿಕೆಗೆ ಒಯ್ಯುವವನಿಗೆ ಇದೇ ಒಳ್ಳೆಯದು. ನಾನು ಹಾಗೆಯೇ ಇಟ್ಟಿದ್ದರೆ ಈಗ ನಾಲ್ಕು ಕಾಸು ಜಾಸ್ತಿ ಬರುತ್ತಿತ್ತು, ಇಷ್ಟು ವರ್ಷ ನುಡಿಸಲು ಆಗುತ್ತಿರಲಿಲ್ಲ. ಆದರೆ ಬಿಚ್ಚಿದ ಯಾವುದನ್ನೂ ಎಸೆದಿರಲಿಲ್ಲ. ತುಕ್ಕು ಹಿಡಿದ ಸ್ಯಾಡಲ್‌ಗಳು, ಸದ್ದು ಏರಿಸಿ ಇಳಿಸುವ ಹಳೆ ವಾಲ್ಯೂಮ್ ಪಾಟ್, ಎಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು. ಬಾಟಲಿ ಕಂಡ ಕೂಡಲೇ ಇಳಿಸಿದ್ದರಲ್ಲಿ ಅರ್ಧವನ್ನು ವಾಪಸ್ ಏರಿಸಿದ! ಹಳೆ ಗಿಟಾರ್ ಇರುವವರು ಇದನ್ನು ಗಮನಿಸಿ.

ಯಾಕೆ ಮಾರಿದೆ ಅಂತ ಕೇಳುವವರಿಗೆ: ಎಡಗೈಯ ಉಂಗುರ ಬೆರಳು ಮಡಚಿದರೆ ಸಲೀಸಾಗಿ ಬಿಚ್ಚುವುದಿಲ್ಲ. ಮಗನಿಗೆ ಲ್ಯಾಪ್‌ಟಾಪ್ ಸಾಕು. ನುಡಿಸದೆ ಇಟ್ಟರೂ ಮಳೆಗಾಲದ ಚಾಕರಿ ತಪ್ಪುವುದಿಲ್ಲ.

ಕೊರಿಯರಿನಲ್ಲಿ ಕಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಹುಡುಗ ರೈಲಿನಲ್ಲಿ ಬಂದ, ರೈಲಿನಲ್ಲೇ ಒಯ್ದ. ಆಂಪ್ಲಿಫೈಯರನ್ನೂ ಕೇಳಿದ. ಕೊಡಲಿಲ್ಲ. ಊರ ಭಜನಾ ಮಂಡಳಿಯವರು ಮೈಕಿಗೆ ಅದನ್ನೇ ಒಯ್ಯುತ್ತಾರೆ, ಇಲ್ಲ ಎಂದರೆ ನನ್ನನ್ನು ಬಿಡುವವರಲ್ಲ.