ಹಳೇ ಪಿಕಪ್ ಗ್ಯಾರೇಜಿಗೆ ಬಿಡೋರೇ, ಮೊದಲು ಇಂಜಿನ್ನಿನ ಡೀಸೆಲ್ ಪಂಪಿನ ನಂಬರ್ ಬರ್ಕೊಳ್ಳಿ

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ. ನಾಚಿಕೆನೂ ಆಗ್ತಿದೆ. ಹದಿನೈದು ವರ್ಷ ಒಂದೇ ಗಾಡಿ ಓಡಿಸಿದವನು ಹೀಗೆ ಮೋಸ ಹೋದ್ನಲ್ಲ ಅಂತ.

ನನ್ನದು 2006ರ ಟಾಟಾ 207. ಊರಲ್ಲಿ ಎಲ್ಲರೂ ಅದನ್ನ ಬಸವಣ್ಣ ಅಂತಾರೆ. ಎಡಗಡೆ ಬಾಗಿಲು ಎತ್ತಿ ಎಳೆದ್ರೆ ಮಾತ್ರ ತೆಗೆಯುತ್ತೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಮಾತ್ರ ಹಾರ್ನ್ ಕೂಗುತ್ತೆ. ಡೀಸೆಲ್ ಮುಳ್ಳು ಸದಾ ಅರ್ಧದಲ್ಲೇ, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಬೇಕು. ಕೆರೆ ಕಟ್ಟೆ ಮೇಲೆ ಅದರ ಸದ್ದು ಕೇಳಿದ್ರೆ ಮನೇಲಿ ಮುದ್ದೆಗೆ ಎಸರಿಡ್ತಾರೆ, ಮಕ್ಕಳು ಓಡಿ ಬರ್ತಾರೆ. ಹೊಸದು ತಗೋ ಅಂತ ಎಷ್ಟೋ ಜನ ಹೇಳಿದ್ರು. ನನಗೆ ಬೇಡ. 15 ಕೆಜಿಯ ಟೊಮೆಟೊ ಬಾಕ್ಸು 60 ಹೇರಿಕೊಂಡು ಶ್ರೀನಿವಾಸಪುರ ಕಡೆಯಿಂದ ಕೋಲಾರ ಮಂಡಿಗೆ ಹೋಗೋದ್ರಲ್ಲಿ ಒಂದು ದಿನ ಕೈ ಕೊಟ್ಟಿರಲಿಲ್ಲ.

ಎಫ್‌ಸಿ, ಅಂದ್ರೆ ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್ ಮಾಡಿಸೋ ದಿನ ಹತ್ರ ಬಂತು, ಹೊಗೆ ಜಾಸ್ತಿ ಇತ್ತು, ಇಂಜಿನ್ ಕೆಲಸಕ್ಕೆ ಬಿಟ್ಟೆ. ಗೊತ್ತಿರೋ ಗ್ಯಾರೇಜೇ. 48,000 ಅಂದವರು 71,500 ಮಾಡಿದ್ರು. ಅದಕ್ಕೆ ನನ್ನ ತಕರಾರಿಲ್ಲ, ಇಂಜಿನ್ ಬಿಚ್ಚಿದ ಮೇಲೆ ಖರ್ಚು ಏರೋದೇ. ಬೆಳಿಗ್ಗೆ ಏಳಕ್ಕೆ ಬನ್ನಿ ಅಂದ್ರು. ತಣ್ಣಗಿದ್ದ ಇಂಜಿನ್ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಮೇಸ್ತ್ರಿಗೆ ಕೈ ಮುಗಿದು ದುಡ್ಡು ಕೊಟ್ಟೆ. ಕ್ಯಾಶ್. ಬಿಲ್ ಕೇಳಲಿಲ್ಲ.

ಮೊದಲ ಲೋಡಿಗೇ ಏರಿನಲ್ಲಿ ಎಳೀಲಿಲ್ಲ. ಸದ್ದೇ ನಮ್ಮ ಗಾಡಿದಲ್ಲ. ಮಂಡೀಲಿ ಆಫ್ ಮಾಡಿದ್ದಷ್ಟೇ, ಮತ್ತೆ ಸ್ಟಾರ್ಟ್ ಆಗಲಿಲ್ಲ. ಹಮಾಲರು ತಳ್ಳಿದ್ರು, ಆಗಲಿಲ್ಲ. ಇಂಜಿನ್ ತಣ್ಣಗಾಗೋ ತನಕ ಎರಡು ಗಂಟೆ ದಾರಿಗೆ ಅಡ್ಡ ನಿಂತು ಎಲ್ಲರ ಹತ್ರ ಬೈಸಿಕೊಂಡೆ.

ಡೀಸೆಲ್ ಪಂಪು ರಿಪೇರಿ ಮಾಡೋ ಅಂಗಡಿಗೆ ಹೋದೆ. ಅವರು ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡೋ ಆ ಪಂಪು ಇಳಿಸಿ ಟೆಸ್ಟ್ ಬೆಂಚಿಗೆ ಹಾಕಿದ್ರು. ಒಳಗೆ ಡೀಸೆಲ್ ಒತ್ತೋ ಪ್ಲಂಜರ್ ಸವೆದಿದೆ, ಬಿಸಿಯಾದ್ರೆ ಡೀಸೆಲ್ ತೆಳ್ಳಗಾಗಿ ಒಳಗೇ ಸೋರುತ್ತೆ, ಪ್ರೆಶರ್ ಬರಲ್ಲ ಅಂದ್ರು. "ಎರಡು ವರ್ಷದ ಹಿಂದೆ ನಿಮ್ಮ ಪಂಪು ನಾನೇ ಮಾಡಿದ್ದಲ್ವಾ?" ಅಂತ ಹಳೇ ಪುಸ್ತಕ ತೆಗೆದ್ರು. ನಂಬರ್ ಬೇರೆ! ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನನ್ನ ಪಂಪು ಇಳಿಸಿಕೊಂಡು, ಯಾರದೋ ಸವೆದದ್ದು ಕೂರಿಸಿ, ಪಂಪ್ ಸರ್ವೀಸ್ ಅಂತ ನನ್ನ ಹತ್ರಾನೇ 9,000 ತಗೊಂಡಿದ್ದಾರೆ. ಅಂಥವರಿಗೆ ನಾನು ಕೈ ಮುಗಿದು ಬಂದಿದ್ದೀನಿ.

ಮೇಸ್ತ್ರಿಗೆ ಫೋನ್ ಮಾಡಿದೆ. "ಅಣ್ಣಾ, ಹಳೇ ಗಾಡಿ ಅಲ್ವಾ, ಒಂದೊಂದೇ ಹೋಗುತ್ತೆ." ಗ್ಯಾರೇಜಿಗೇ ಹೋಗಿ ಪುಸ್ತಕದ ಫೋಟೋ ತೋರಿಸಿದೆ. "ನೀವು ಬಿಟ್ಟಾಗ ಇದೇ ಇತ್ತು." ನಂಬರ್ ನೋಡಪ್ಪಾ ಅಂದೆ. "ಬಿಲ್ ಇದ್ಯಾ ಅಣ್ಣಾ?" ಬಿಲ್ ಇದ್ಯಾ ಅಂತೆ! ಕೊಡದೇ ಇದ್ದವನು ಅವನೇ. ಕೊನೆಗೆ ಹುಡುಗರ ಮುಂದೆ "ಈ ಗುಜರಿಗೆ ಇಷ್ಟೊಂದು ಮಾತಾ" ಅಂದ. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಚುಚ್ಚಿದೆ. ಗುಜರಿ ಆಗಿದ್ರೆ ಅದರ ಪಂಪಿಗೆ ಯಾಕಯ್ಯಾ ಕೈ ಹಾಕಿದೆ?

ಈಗ ಈ ಪಂಪಿಗೆ ಮತ್ತೆ 16,000 ಸುರಿದಿದ್ದೀನಿ. ಗಾಡಿ ಓಡ್ತಿದೆ, ಆದ್ರೆ ಆ ಹಳೇ ಸದ್ದಿಲ್ಲ.

ಗಾಡಿ ಬಿಡೋ ಮುಂಚೆ ಪಂಪು, ಬ್ಯಾಟರಿ, ಸ್ಟೆಪ್ನಿ ಎಲ್ಲದರ ನಂಬರ್ ಫೋಟೋ ತೆಗೀರಿ. ಬಿಚ್ಚಿದ ಸಾಮಾನು ವಾಪಸ್ ಕೇಳಿ. ಲೋಡ್ ಹಾಕಿ ಓಡಿಸಿ, ಬಿಸಿ ಇರುವಾಗಲೇ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ, ಆಮೇಲೆ ದುಡ್ಡು ಕೊಡಿ. ಗೊತ್ತಿರೋರು ಅಂತ ಬಿಡಬೇಡಿ, ನನ್ನದೂ ಗೊತ್ತಿರೋ ಗ್ಯಾರೇಜೇ.

ನನ್ನ ಪಂಪಿನ ಕೊನೇ ನಾಲ್ಕು ಅಂಕಿ 4417. ಕೋಲಾರ, ಚಿಂತಾಮಣಿ ಕಡೆ ಯಾರಾದ್ರೂ 207ರ ಸೆಕೆಂಡ್ ಹ್ಯಾಂಡ್ ಪಂಪು ಮಾರೋಕೆ ತಂದ್ರೆ ದಯವಿಟ್ಟು ಆ ನಂಬರ್ ಒಂದ್ಸಲ ನೋಡಿ.